ಕನ್ನಡ ಮಾಧ್ಯಮದವರು ಐಚ್ಛಿಕ ಇಂಗ್ಲಿಷ್ ತಗೊಳ್ಳಬಹುದಾ?

ನಮಸ್ಕಾರ. ಪಿಯುಸಿವರೆಗೆ ಕನ್ನಡ ಮಾಧ್ಯಮ, ಈಗ ಶಿವಮೊಗ್ಗದಲ್ಲಿ ಬಿ.ಎ.ಗೆ ಐಚ್ಛಿಕ ಇಂಗ್ಲಿಷ್ (ಅಂದರೆ ಇಂಗ್ಲಿಷ್ ಸಾಹಿತ್ಯವನ್ನೇ ಒಂದು ಮುಖ್ಯ ವಿಷಯವಾಗಿ) ತಗೊಂಡರೆ ಪ್ರಬಂಧ ಬರೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಸಾಗರದ ಕಡೆಯ ಹಳ್ಳಿಯವಳು, ಕನ್ನಡ ಮಾಧ್ಯಮದಲ್ಲೇ ಓದಿದವಳು.

ಮೊದಲ ವರ್ಷ ನನ್ನ ನೋಟ್‌ಬುಕ್ ತುಂಬ ಕೆಂಪು ಗೆರೆ. 'ಯೆಸ್ಟರ್‌ಡೇ ರೈನ್ ಕೇಮ್' ಅಂತ ಬರೆದಿದ್ದೆ. ನಮ್ಮಲ್ಲಿ ಮಳೆ ಬರುತ್ತದೆ, ಅಲ್ವಾ? ಇಂಗ್ಲಿಷಿನಲ್ಲಿ 'ಇಟ್ ರೇನ್ಡ್'. ಆ 'ಇಟ್' ಯಾರು ಅಂತ ಹುಡುಕಬೇಡಿ, ಯಾರೂ ಅಲ್ಲ. ಕನ್ನಡದ ವಾಕ್ಯ ಕರ್ತೃಪದ ಇಲ್ಲದೆಯೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿ ಇರುವಂತಿಲ್ಲ. ಇದು ಹೊಳೆದ ಮೇಲೆ ನನ್ನ ತಪ್ಪುಗಳು ಎಷ್ಟೋ ಕಡಿಮೆಯಾದವು. ದಿನಾ ಒಂದು ಪುಟ ಬರೆಯಿರಿ. ಅಡಿಕೆ ಸುಲಿದದ್ದು, ಬಸ್ಸಿಗೆ ಕಾದದ್ದು, ಏನಾದರೂ ಸರಿ. ಮರುದಿನ ಗಟ್ಟಿಯಾಗಿ ಓದಿ ತಿದ್ದಿ.

ಸಾಹಿತ್ಯಕ್ಕೆ ಸುಮ್ನೆ ಗೈಡ್ ಉರು ಹೊಡೆಯಬೇಡಿ. ಸಾನೆಟ್ ಅಂದರೆ 14 ಸಾಲಿನ ಕವಿತೆ ಅಷ್ಟೇ, ಹತ್ತು ಸಲ ಓದಬಹುದು. ಮಾತು ಎಲ್ಲಿ ತಿರುಗುತ್ತದೆ ನೋಡಿ. ಜಾಸ್ತಿ ಸಲ ಅದು 9ನೇ ಸಾಲಿನಲ್ಲಿ, ಇಲ್ಲಾ ಕೊನೆಯ ಎರಡು ಸಾಲಿನಲ್ಲಿ ಸಿಗುತ್ತದೆ. ಆ ತಿರುವಿನ ಮೇಲೇ ಒಂದು ಪ್ಯಾರಾ ಬರೆಯಿರಿ, ಕವಿಯ ಪದವನ್ನೇ ಎತ್ತಿ ತೋರಿಸಿ.

ಕನ್ನಡ ಅಡ್ಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಸಾಹಿತಿ ಯು.ಆರ್. ಅನಂತಮೂರ್ತಿಯವರು 1966ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಪಡೆದರು, ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡೇ ಕನ್ನಡದಲ್ಲಿ ಬರೆದರು.

ಧೈರ್ಯವಾಗಿ ಅರ್ಜಿ ಹಾಕಿ. ಮೊದಲ ಪ್ರಬಂಧ ಬರೆದಾಗ ಇಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.