ಎರಡು ಸಾವಿರದ ಕೂಲರ್ ಸಾಕೇ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ರೈಜೆನ್ 5 5600 ಪ್ರೊಸೆಸರ್, ಅದನ್ನು ತಣಿಸಲು ಜೊತೆಗೇ ಬಂದ ಕೂಲರ್. ವಿಡಿಯೊ ರೆಂಡರ್ ಮಾಡುವಾಗ 88 ಡಿಗ್ರಿ ಮುಟ್ಟುತ್ತದೆ. ಕೋಣೆಯಲ್ಲಿ 36 ಡಿಗ್ರಿ. ಎರಡು ಸಾವಿರ ರೂಪಾಯಿಯ ಆಸುಪಾಸಿನ, ಗೋಪುರದಂತೆ ಎತ್ತರದ ಟವರ್ ಕೂಲರ್ ಒಂದರ ವಿಮರ್ಶೆಯಲ್ಲಿ ಇದೇ ಪ್ರೊಸೆಸರ್ 66 ದಾಟಲಿಲ್ಲ. ನನಗೂ ಅಷ್ಟೇ ಬರುತ್ತದೆಯೇ?
– ಓದುಗರು, ಕಲಬುರಗಿ

ಉತ್ತರ: ಬರುವುದಿಲ್ಲ. ಆದರೂ ಕೊಳ್ಳಬಹುದು.

ಕೂಲರ್ ಬಳಸುವುದು ನಿಮ್ಮ ಕೋಣೆಯ ಗಾಳಿಯನ್ನೇ. ಹಾಗಾಗಿ ವಿಮರ್ಶೆಯಲ್ಲಿ ಮೊದಲು ಹುಡುಕಬೇಕಾದದ್ದು ಪರೀಕ್ಷೆ ನಡೆದ ಕೋಣೆಯ ತಾಪಮಾನ. ಅಲ್ಲಿ 24 ಇತ್ತೆಂದುಕೊಳ್ಳಿ: 66ರಲ್ಲಿ 24 ಕಳೆದರೆ 42. ನಿಮ್ಮ 36ಕ್ಕೆ ಆ 42 ಕೂಡಿಸಿದರೆ 78. ಅಂದರೆ ಲಾಭ ಹತ್ತು ಡಿಗ್ರಿ, ಇಪ್ಪತ್ತೆರಡಲ್ಲ. ಕೋಣೆಯ ತಾಪಮಾನವನ್ನೇ ಹೇಳದ ವಿಮರ್ಶೆಯನ್ನು ಪಕ್ಕಕ್ಕಿಡಿ.

ಈ ಪ್ರೊಸೆಸರ್ 65 ವ್ಯಾಟ್‌ನದು ಎನ್ನುತ್ತಾರೆ. ಪೂರ್ಣ ಕೆಲಸ ಬಿದ್ದಾಗ 76ರವರೆಗೂ ಎಳೆಯುತ್ತದೆ. ಅಷ್ಟಕ್ಕೆ ಶಾಖ ಸಾಗಿಸುವ 6 ಮಿ.ಮೀ. ದಪ್ಪದ ನಾಲ್ಕು ಹೀಟ್ ಪೈಪ್, 120 ಮಿ.ಮೀ. ಫ್ಯಾನ್ ಇದ್ದರೆ ಧಾರಾಳ. ಡಬ್ಬದ ಮೇಲಿನ ‘ಇಷ್ಟು ವ್ಯಾಟ್ ತಡೆಯುತ್ತದೆ’ ಎಂಬ ಅಂಕಿಯನ್ನು ನೆಚ್ಚಬೇಡಿ, ಒಬ್ಬೊಬ್ಬ ತಯಾರಕರ ಅಳತೆ ಒಂದೊಂದು ಥರ. ಅದಕ್ಕಿಂತ ಎತ್ತರ ನೋಡಿ. ಡೀಪ್‌ಕೂಲ್ ಎಕೆ400 ಕೂಲರೇ 155 ಮಿ.ಮೀ. ಇದೆ, ಸಣ್ಣ ಕ್ಯಾಬಿನೆಟ್‌ನ ಬಾಗಿಲು ಮುಚ್ಚುವುದಿಲ್ಲ.

ಹಳೆಯದನ್ನು ಬಿಚ್ಚುವ ಮೊದಲು ಒಂದು ಅಳತೆ ಮಾಡಿಟ್ಟುಕೊಳ್ಳಿ. ಕ್ಯಾಬಿನೆಟ್ ಮುಚ್ಚಿ, ಪ್ರೊಸೆಸರ್‌ಗೆ ಪೂರ್ಣ ಕೆಲಸ ಕೊಡುವ ಸಿನೆಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಕೊನೆಯ ಹತ್ತು ನಿಮಿಷದ ಡಿಗ್ರಿ, ವ್ಯಾಟ್, ಫ್ಯಾನ್ ವೇಗ ಮೂರನ್ನೂ ಬರೆಯಿರಿ. ಪಕ್ಕದ ಬಾಗಿಲು ತೆಗೆದು ಇನ್ನೊಮ್ಮೆ ಓಡಿಸಿ. ಆಗ ಏಳೆಂಟು ಡಿಗ್ರಿ ಇಳಿದರೆ ತಪ್ಪು ಕೂಲರ್‌ನದಲ್ಲ, ಕ್ಯಾಬಿನೆಟ್ ಒಳಗೆ ಗಾಳಿಯಾಡುತ್ತಿಲ್ಲ. ಅದರ ಮುಂಭಾಗಕ್ಕೊಂದು ಫ್ಯಾನ್ ಹಾಕಿದರೆ ಅಗ್ಗದಲ್ಲೇ ಮುಗಿಯುತ್ತದೆ. ಹೊಸ ಕೂಲರ್ ಹಾಕಿದ ಮೇಲೆ ಫ್ಯಾನನ್ನು ನಿಮಿಷಕ್ಕೆ 1200 ಸುತ್ತಿನ ವೇಗಕ್ಕೆ ಕಟ್ಟಿಹಾಕಿಯೂ ಅಳೆಯಿರಿ. ಫ್ಯಾನ್ ಜೋರಾಗಿ ತಿರುಗಿಸಿ, ಕಿರುಚಿ ತಣಿಸುವುದು ಯಾವ ಕೂಲರ್‌ಗೂ ದೊಡ್ಡ ಮಾತಲ್ಲ.

ಬಿಚ್ಚುವಾಗ ಒಂದು ಎಚ್ಚರ: ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ, ಶಾಖ ದಾಟಿಸುವ ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಸ್ಕ್ರೂ ತೆಗೆದು ಕೂಲರನ್ನು ಆಚೀಚೆ ತಿರುಚಿ ಬಿಡಿಸಿ. ನೇರ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗೀತು. ಸ್ಕ್ರೂ ಬಿಚ್ಚಿದೊಡನೆ ಮದರ್‌ಬೋರ್ಡ್ ಹಿಂದಿನ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ, ಹಿಡಿದುಕೊಳ್ಳಿ. ಬಹಳಷ್ಟು ಹೊಸ ಕೂಲರ್‌ಗಳಿಗೂ ಅದೇ ಬೇಕು.

ಪ್ರಶ್ನೆ: ಹೊಸ ಟವರ್ ಕೂಲರ್ ಹಾಕಿದೆ. ಎರಡೇ ನಿಮಿಷಕ್ಕೆ 90 ಡಿಗ್ರಿ! ಕೂಲರ್ ಕೆಟ್ಟಿದೆಯೇ?
– ಓದುಗರು, ಹಾಸನ

ಉತ್ತರ: ಮೊದಲು ತಳ ನೋಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೀಳದೆ ಕೂರಿಸಿರುವುದೇ ಹೆಚ್ಚು. ಅದಲ್ಲದಿದ್ದರೆ ಒಂದು ಬದಿಯ ಸ್ಕ್ರೂವನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದನ್ನು ಬಿಗಿದಿರುತ್ತೀರಿ, ತಳ ಓರೆಯಾಗಿರುತ್ತದೆ. ಹಳೆ ಪೇಸ್ಟನ್ನು ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಚ್ಚಿ, ಎರಡು ಸ್ಕ್ರೂಗಳನ್ನೂ ಎರಡೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ. ಫ್ಯಾನಿನ ವೈರ್ ಮದರ್‌ಬೋರ್ಡ್‌ನಲ್ಲಿ ‘ಸಿಪಿಯು ಫ್ಯಾನ್’ ಎಂದು ಬರೆದ ನಾಲ್ಕು ಪಿನ್‌ಗೇ ಹೋಗಬೇಕು.