ಬೆಳಗ್ಗೆ ಐಸ್, ಮಧ್ಯಾಹ್ನ ಒದ್ದೆ ಹಿಮ: ಸ್ನೋಬೋರ್ಡ್ ಬದಲಿಸುವ ಮೊದಲು ಇದನ್ನು ಓದಿ

ಬೆಳಗ್ಗೆ ಗಾಜಿನಂಥ ಐಸ್, ಲಿಫ್ಟ್ ಹತ್ತಿ ಮೇಲೆ ಹೋದರೆ ಮೋಡದೊಳಗೆ ಏನೂ ಕಾಣಿಸಲಿಲ್ಲ, ಮಧ್ಯಾಹ್ನ ಒದ್ದೆ ಹಿಮದಲ್ಲಿ ಸ್ನೋಬೋರ್ಡ್ (ಹಿಮದ ಮೇಲೆ ಜಾರುವ ಹಲಗೆ) ನಿಂತೇ ಹೋಯಿತು. ಮೂರೂ ಒಂದೇ ದಿನ ಆಯಿತು, ಬಿದ್ದು ಬಿದ್ದು ಸಾಕಾಯಿತು, ಬೋರ್ಡ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಆಗಲೇ ಕೆಲವರು ಹೊಸ ಬೋರ್ಡ್ ಕೊಳ್ಳಿ ಅಂದಿದ್ದಾರೆ. ನಾನಂತೂ ಬೇಡ ಅನ್ನುತ್ತೇನೆ. ನಿಮ್ಮದು ಕ್ಯಾಂಬರ್ ಬೋರ್ಡ್, ಅಂದರೆ ಮಧ್ಯಭಾಗ ಕಮಾನಿನಂತೆ ಸ್ವಲ್ಪ ಮೇಲೆದ್ದಿರುವ ಬೋರ್ಡ್ ಅಂದಿರಿ. ಗಟ್ಟಿ ಹಿಮದಲ್ಲಿ ಹಿಡಿತಕ್ಕೆ ಅದೇ ಒಳ್ಳೆಯದು. ನೀವು ಬರೆದದ್ದು ನೋಡಿದರೆ ತೊಂದರೆ ಇರುವುದು ಯಾವ ಹೊತ್ತಿಗೆ ಯಾವ ಇಳಿಜಾರಿನಲ್ಲಿ ಇದ್ದಿರಿ ಅನ್ನುವುದರಲ್ಲಿ.

ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಗ್ರೂಮರ್ (ಹಿಮ ಸಮ ಮಾಡುವ ಯಂತ್ರ) ಓಡಿ ಸಾಲು ಸಾಲು ಗೆರೆ ಮೂಡಿಸಿದ್ದರೂ ಬೆಳಗ್ಗೆ ಆ ಗೆರೆಗಳೇ ಕಲ್ಲಿನಷ್ಟು ಗಟ್ಟಿ. ಹಾಗಾಗಿ ಮೊದಲ ಲಿಫ್ಟ್ ಹಿಡಿಯುವ ಆತುರ ಇಂಥ ದಿನ ಬೇಡ. ಹೊಸ ಹಿಮ ಬಿದ್ದ ದಿನದ ಲೆಕ್ಕವೇ ಬೇರೆ. ಬಿಸಿಲು ಮೊದಲು ತಟ್ಟುವುದು ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ, ಕೊನೆಗೆ ಪಶ್ಚಿಮದ್ದಕ್ಕೆ. ಭೂಮಧ್ಯರೇಖೆಯ ಉತ್ತರಕ್ಕಿರುವ ಬೆಟ್ಟಗಳಲ್ಲಿ ಉತ್ತರ ಮುಖದ ಇಳಿಜಾರು ದಿನವೆಲ್ಲ ತಣ್ಣಗಿರುತ್ತದೆ. ದಕ್ಷಿಣದ ದೇಶಗಳಲ್ಲಿ ಇದು ಉಲ್ಟಾ. ಮೇಲ್ಪದರ ಒಂದೆರಡು ಇಂಚು ಮೆತ್ತಗಾಗಿ ಎಡ್ಜ್ (ಬೋರ್ಡಿನ ಬದಿಯ ಲೋಹದ ಅಂಚು) ಕಚ್ಚುವ ಹೊತ್ತೇ ದಿನದ ಚಿನ್ನದಂಥ ಹೊತ್ತು, ಆದರೆ ಒಂದು ಕಡೆ ಅದು ಜಾಸ್ತಿ ಹೊತ್ತು ಉಳಿಯುವುದಿಲ್ಲ. ಬಿಸಿಲಿನ ಹಿಂದೆಯೇ ಇಳಿಜಾರು ಬದಲಿಸುತ್ತಾ ಹೋಗಿ. ರೆಸಾರ್ಟ್ ನಕ್ಷೆಯಲ್ಲಿ ದಿಕ್ಕು ಗುರುತು ಮಾಡಿಕೊಳ್ಳುವುದು ಐದು ನಿಮಿಷದ ಕೆಲಸ. ಅಂದಹಾಗೆ, ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೂ ಮೇಲೆ ಹಿಮ ಒಣಗಿಯೇ ಇರಬಹುದು.

ಐಸ್ ಮೇಲೆ ಯಾಕೆ ಬೀಳುತ್ತೇವೆ ಗೊತ್ತಾ? ಹೆದರಿಕೆಗೆ ಮೈಯನ್ನು ಬೆಟ್ಟದ ಕಡೆ ವಾಲಿಸುತ್ತೇವೆ. ಭಾರ ಎಡ್ಜ್ ಮೇಲಿಂದ ತಪ್ಪುತ್ತದೆ, ಬೋರ್ಡ್ ಕಾಲಡಿಯಿಂದ ಜಾರುತ್ತದೆ. ಹಿಮ್ಮಡಿ ಕಡೆ ತಿರುಗುವಾಗ ಇದು ಇನ್ನೂ ಜಾಸ್ತಿ. ಮಂಡಿ, ಕಣಕಾಲು ಬಗ್ಗಿಸಿ, ಭಾರ ಎಡ್ಜ್ ಮೇಲೇ ಇರಲಿ. ಕಣ್ಣು ಮುಂದೆ ಓಡಲಿ. ಬೂದು ನೀಲಿ ಬಣ್ಣದಲ್ಲಿ ಮಿರುಗುವ ಜಾಗ ಕಂಡರೆ ಅದರ ಮೇಲೆ ತಿರುಗುವುದೂ ಬೇಡ, ಬ್ರೇಕ್ ಹಾಕುವುದೂ ಬೇಡ. ಬೋರ್ಡ್ ಹೋಗುತ್ತಿರುವ ದಿಕ್ಕಿಗೇ ಇಟ್ಟು ಸುಮ್ನೆ ದಾಟಿ, ಆಚೆ ಬಿಳಿ ಹಿಮ ಸಿಕ್ಕ ಮೇಲೆ ತಿರುಗಿ. ಎಲ್ಲರೂ ಕೆರೆದು ಹಾಕಿದ ಹಿಮ, ಜಾರಿ ಇಳಿಯುವ ದಾರಿ ಅಂದರೆ ರನ್‌ನ ಎರಡೂ ಬದಿಗೆ ಸಣ್ಣ ದಿಣ್ಣೆಯಾಗಿ ಕೂತಿರುತ್ತದೆ. ಮಧ್ಯದಲ್ಲಿ ಒದ್ದಾಡುವುದಕ್ಕಿಂತ ಅಲ್ಲಿ ತಿರುಗುವುದು ಎಷ್ಟೋ ಸುಲಭ.

ಎಡ್ಜ್ ಚೂಪಿದೆಯಾ ಅಂತ ಹೊರಡುವ ಮೊದಲೇ ನೋಡಿ. ಹೆಬ್ಬೆರಳ ಉಗುರನ್ನು ಎಡ್ಜ್‌ಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರಿನ ಬಿಳಿ ಪುಡಿ ಬಂದರೆ ಸರಿ, ಬರೀ ಜಾರಿದರೆ ಮೊಂಡಾಗಿದೆ. ಪೂರ್ತಿ ಉದ್ದಕ್ಕೂ ನೋಡಬೇಕು, ಎರಡು ಕಾಲುಗಳ ನಡುವಿನ ಭಾಗವೇ ಸಾಮಾನ್ಯವಾಗಿ ಬೇಗ ಸವೆಯುತ್ತದೆ. ಹೊಸ ಬೋರ್ಡಿನ ದುಡ್ಡಿನ ಒಂದು ಚೂರಿನಲ್ಲಿ ಇದನ್ನು ಹರಿತ ಮಾಡಿಸಬಹುದು, ಅಲ್ವಾ?

ಮೋಡದ ವಿಷಯ. ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬರುವಾಗ ನೆರಳು ಬೀಳುವುದಿಲ್ಲ, ಗುಂಡಿ ಯಾವುದು ದಿಣ್ಣೆ ಯಾವುದು ತಿಳಿಯುವುದಿಲ್ಲ. ನಿಂತಿದ್ದೇನೆ ಅಂದುಕೊಂಡಾಗಲೂ ಬೋರ್ಡ್ ಮೆಲ್ಲಗೆ ಜಾರುತ್ತಿರಬಹುದು. ಆಗ ಮರಗಳಿರುವ ಎತ್ತರಕ್ಕೆ ಇಳಿದುಬಿಡಿ. ಮರ ಪಕ್ಕದಲ್ಲಿದ್ದರೆ ಕಣ್ಣಿಗೆ ಅಳತೆ ಸಿಗುತ್ತದೆ. ಮರ ಇಲ್ಲದಿದ್ದರೆ ರನ್‌ನ ಅಂಚಿಗೆ ನೆಟ್ಟ ಕಂಬಗಳನ್ನು ನೋಡಿಕೊಂಡು ನಿಧಾನ ಬನ್ನಿ. ಮರಗಳ ಪಕ್ಕದ ರನ್ ಮೇಲೇ ಇರಿ ಅಂದೆ, ಮರಗಳ ಒಳಗೆ ನುಗ್ಗಿ ಅನ್ನಲಿಲ್ಲ. ಹಿಮ ಜಾಸ್ತಿ ಬಿದ್ದಿದ್ದರೆ ಪೈನ್‌ನಂಥ ಸೂಜಿ ಎಲೆಯ ಮರಗಳ ಬುಡದಲ್ಲಿ ಸಡಿಲ ಹಿಮದ ಗುಂಡಿ ಅಡಗಿರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಏಳುವುದು ಬಹಳ ಕಷ್ಟ. ಗಾಗಲ್ಸ್‌ಗೆ ಹಳದಿ ಅಥವಾ ಗುಲಾಬಿ ಬಣ್ಣದ, ಬೆಳಕು ಜಾಸ್ತಿ ಬಿಡುವ ಲೆನ್ಸ್ ಇದ್ದರೆ ಜೇಬಿನಲ್ಲಿರಲಿ. ಹೊಸದಾಗಿ ಖರ್ಚು ಮಾಡಲೇಬೇಕು ಅನ್ನಿಸಿದರೆ ಇದಕ್ಕೆ ಮಾಡಿ.

ಮಧ್ಯಾಹ್ನ ಬೋರ್ಡ್ ನಿಂತದ್ದಕ್ಕೆ ಕಾರಣ ನೀರು. ತಳಕ್ಕೂ ಹಿಮಕ್ಕೂ ನಡುವೆ ನೀರಿನ ಪದರ ಜಾಸ್ತಿಯಾಗಿ ಹಿಡಿದೆಳೆಯುತ್ತದೆ. ಬೆಚ್ಚಗಿನ ಹಿಮಕ್ಕೆ ಅಂತಲೇ ಬರುವ ವ್ಯಾಕ್ಸ್ (ತಳಕ್ಕೆ ಸವರುವ ಮೇಣ) ಹಾಕಿಸಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ನೆರಳಿನಿಂದ ಬಿಸಿಲಿಗೆ ಬರುವ ಗೆರೆಯಲ್ಲಿ ಹುಷಾರು. ಅಲ್ಲಿ ಬೋರ್ಡ್ ತಟ್ಟನೆ ಹಿಡಿದುಕೊಂಡು ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ಗೆರೆ ದಾಟುವಾಗ ಭಾರ ಸ್ವಲ್ಪ ಹಿಂದಿನ ಕಾಲಿಗೆ ಹೋಗಲಿ, ದಾಟಿದ ಮೇಲೆ ಮತ್ತೆ ಮಧ್ಯಕ್ಕೆ ಬನ್ನಿ. ಸಮತಟ್ಟಾದ ದಾರಿ ಬರುವ ಮೊದಲೇ ವೇಗ ಕೂಡಿಸಿಕೊಳ್ಳಿ, ಇಲ್ಲದಿದ್ದರೆ ಬೋರ್ಡಿನಿಂದ ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕಾಗುತ್ತದೆ. ಜನ ತುಳಿದು ಎಬ್ಬಿಸಿದ ಗುಪ್ಪೆಗಳನ್ನು ತಪ್ಪಿಸಲು ನೋಡಬೇಡಿ, ಮಂಡಿ ಸಡಿಲ ಬಿಟ್ಟು ಸೀಳಿಕೊಂಡು ಹೋಗಿ.

ಕೊನೆಯ ರನ್ ಬಗ್ಗೆ ಯಾರೂ ಹೇಳಿಲ್ಲ. ಬಿಸಿಲು ಸರಿದ ಕೂಡಲೇ ಆ ಗುಪ್ಪೆಗಳೆಲ್ಲ ಹಾಗೇ ಗಟ್ಟಿಯಾಗುತ್ತವೆ, ಅಷ್ಟರಲ್ಲಿ ನಿಮ್ಮ ತೊಡೆಯಲ್ಲೂ ಶಕ್ತಿ ಇರುವುದಿಲ್ಲ. ಲಿಫ್ಟ್‌ನಲ್ಲಿ ಕೆಳಗೆ ಕರೆದೊಯ್ಯುವ ವ್ಯವಸ್ಥೆ ಇದ್ದರೆ ಕೂತು ಇಳಿಯಿರಿ, ನಾಚಿಕೆ ಏನೂ ಇಲ್ಲ.

ಇನ್ನು, ಹೆಲ್ಮೆಟ್ ಇದ್ದರೆ ಸಾಕು, ರಿಸ್ಟ್ ಗಾರ್ಡ್ (ಮಣಿಕಟ್ಟಿಗೆ ಹಾಕುವ ರಕ್ಷಾಪಟ್ಟಿ) ಬೇಡ ಅಂತ ಮೇಲೊಬ್ಬರು ಬರೆದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಸ್ನೋಬೋರ್ಡ್‌ನಲ್ಲಿ, ಅದರಲ್ಲೂ ಹೊಸಬರಿಗೆ, ಅತಿ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೇ. ಬೀಳುವಾಗ ಅಂಗೈ ಚಾಚುವುದು ತಾನಾಗಿ ಆಗಿಹೋಗುತ್ತದೆ. ಎರಡೂ ಹಾಕಿಕೊಳ್ಳಿ. ಗಾರ್ಡ್ ಮೇಲೆ ಹಿಡಿಸುವಷ್ಟು ದೊಡ್ಡ ಗ್ಲೌಸ್ ಇದೆಯಾ ಅಂತ ಮನೆಯಲ್ಲೇ ಹಾಕಿ ನೋಡಿ.