ಶಾರ್ಟ್‌ವೇವ್‌ನಲ್ಲಿ ಬರೀ ಗುಂಯ್ ಅನ್ನೋ ಸದ್ದು ಬಂದರೆ ಮೊದಲು ಜಾಗ ಬದಲಿಸಿ, ಆಮೇಲೆ ಹೊತ್ತು

ನಿಮ್ಮ ಪ್ರಶ್ನೆ ಓದಿದೆ. ದೂರದ ದೇಶಗಳ ಪ್ರಸಾರ ಕೇಳಲು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಶಾರ್ಟ್‌ವೇವ್ ರೇಡಿಯೋ ತಂದಿದ್ದೀರಿ. ಎಫ್‌ಎಂ ಚೆನ್ನಾಗಿ ಬರುತ್ತಿದೆ. ಎಸ್‌ಡಬ್ಲ್ಯೂ ಒತ್ತಿದರೆ ಮಾತ್ರ ಈ ತುದಿಯಿಂದ ಆ ತುದಿವರೆಗೆ ಬರೀ ಗುಂಯ್ ಸದ್ದು. ಮಧ್ಯಾಹ್ನ ಎರಡು ಗಂಟೆಗೆ, ಟಿವಿ ಪಕ್ಕ ಕೂತು, ಚಾರ್ಜರ್‌ಗೆ ಹಾಕಿಕೊಂಡೇ ಕೇಳಿದ್ದೀರಿ. ರೇಡಿಯೋ ಕೆಟ್ಟಿದೆಯಾ, ಇಲ್ಲಾ ಶಾರ್ಟ್‌ವೇವ್ ಅನ್ನೋದೇ ನಿಂತುಹೋಗಿದೆಯಾ ಅಂತ ನಿಮ್ಮ ಅನುಮಾನ. ಇದ್ದರೆ ಈಗ ಏನು ಸಿಗುತ್ತದೆ ಅಂತಲೂ ಕೇಳಿದ್ದೀರಿ.

ಎರಡೂ ಅಲ್ಲ ಅಂತ ನನಗನ್ನಿಸುತ್ತದೆ. ರೇಡಿಯೋ ಬಹುಶಃ ಸರಿಯಾಗೇ ಇದೆ. ಶಾರ್ಟ್‌ವೇವ್ ಕೂಡ ಇದೆ, ಮೊದಲಿನಷ್ಟು ಇಲ್ಲ ಅಷ್ಟೆ. ನೀವು ಬರೆದ ಮೂರು ವಿಷಯಗಳಲ್ಲೇ ತೊಂದರೆ ಅಡಗಿದೆ: ಟಿವಿ, ಚಾರ್ಜರ್, ಮಧ್ಯಾಹ್ನ. ಅವುಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ಚಾರ್ಜರ್ ತೆಗೆಯಿರಿ. ಶಾರ್ಟ್‌ವೇವ್ ಕೇಳುವಾಗ ರೇಡಿಯೋ ಸೆಲ್ ಮೇಲೆ ಮಾತ್ರ ನಡೆಯಲಿ. ಈಗಿನ ಚಾರ್ಜರ್‌ಗಳ ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುವ ಸರ್ಕ್ಯೂಟ್ ಇರುತ್ತದೆ. ಆ ಕಡಿತದಿಂದ ಹುಟ್ಟುವ ಗದ್ದಲ ಸರಿಯಾಗಿ ಶಾರ್ಟ್‌ವೇವ್ ಜಾಗದಲ್ಲೇ ಹರಡಿಕೊಳ್ಳುತ್ತದೆ. ಎಲ್‌ಇಡಿ ಬಲ್ಬು, ಟಿವಿ, ಕಂಪ್ಯೂಟರ್, ವೈಫೈ ಪೆಟ್ಟಿಗೆಯ ಅಡಾಪ್ಟರ್, ಸೋಲಾರ್ ಇನ್ವರ್ಟರ್ ಎಲ್ಲದರದ್ದೂ ಇದೇ ಕತೆ. ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಸಣ್ಣ ಸಿಗ್ನಲ್ ನಿಮ್ಮ ಆಂಟೆನಾದವರೆಗೂ ಬಂದಿರುತ್ತದೆ. ಆದರೆ ಒಂದು ಮಾರು ದೂರದಲ್ಲಿರುವ ಬಲ್ಬಿನ ಗದ್ದಲ ಅದನ್ನು ಮುಚ್ಚಿಹಾಕುತ್ತದೆ.

ಇದು ನನಗೆ ಅರ್ಥವಾದ ದಿನ ಚೆನ್ನಾಗಿ ನೆನಪಿದೆ. ಒಂದು ವಾರದಿಂದ 9400 ಕಿಲೋಹರ್ಟ್ಸ್ ಸುತ್ತಮುತ್ತ ಜೇನುಹುಳದ ಗೂಡಿನಂಥ ಸದ್ದು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಒಂದು ರಾತ್ರಿ ಕರೆಂಟ್ ಹೋಯಿತು. ಆ ಕ್ಷಣವೇ ಜೇನುಹುಳ ನಿಂತವು. ಒಂದೆರಡು ಸೆಕೆಂಡ್ ಮೌನ. ಆಮೇಲೆ ಆ ಮೌನದ ತಳದಿಂದ ಒಬ್ಬ ಹೆಂಗಸಿನ ದನಿ ಮೇಲೆ ಬಂತು. ನಿಧಾನವಾಗಿ, ಸ್ಪಷ್ಟವಾಗಿ ವಾರ್ತೆ ಓದುತ್ತಿದ್ದಳು. ಯಾವ ಭಾಷೆ ಅಂತ ನನಗೆ ಗೊತ್ತಾಗಲಿಲ್ಲ. ಅವಳು ಆ ವಾರವೆಲ್ಲ ಅಲ್ಲೇ ಇದ್ದಿರಬೇಕು. ಕತ್ತಲಲ್ಲಿ ರೇಡಿಯೋದ ಆ ಪುಟ್ಟ ಹಳದಿ ಪರದೆ ನೋಡುತ್ತಾ ಕರೆಂಟ್ ಬರುವವರೆಗೂ ಅಲುಗಾಡದೆ ಕೂತಿದ್ದೆ.

ಮಾರನೇ ದಿನ ಗದ್ದಲ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದೆ. ನೀವೂ ಹಾಗೇ ಹುಡುಕಬಹುದು, ರೇಡಿಯೋ ಬಿಟ್ಟರೆ ಬೇರೆ ಉಪಕರಣ ಬೇಡ. ಸ್ಟೇಷನ್ ಇಲ್ಲದ ಒಂದು ಜಾಗಕ್ಕೆ ಟ್ಯೂನ್ ಮಾಡಿ. ರೇಡಿಯೋ ಕೈಯಲ್ಲಿ ಹಿಡಿದು ಮನೆಯೊಳಗೆ ಓಡಾಡಿ. ಯಾವ ಗೋಡೆ, ಯಾವ ಸ್ವಿಚ್ ಬೋರ್ಡ್ ಹತ್ತಿರ ಹೋದಾಗ ಗುಂಯ್ ಸದ್ದು ಜಾಸ್ತಿ ಆಗುತ್ತದೆ ಅಂತ ಕಿವಿಗೊಡಿ. ಅನುಮಾನ ಬಂದ ವಸ್ತುವನ್ನು ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ನೋಡಿ. ಆಫ್ ಆದ ಮೇಲೂ ಅಡಾಪ್ಟರ್ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ನನ್ನ ಮನೆಯಲ್ಲಿ ಸಿಕ್ಕಿದ್ದು ಎರಡು: ನಡುಮನೆಯ ಒಂದು ಬಲ್ಬು, ಮತ್ತೆ ಫೋನಿಲ್ಲದೆ ಸುಮ್ನೆ ಗೋಡೆಗೆ ಸಿಕ್ಕಿಸಿಟ್ಟಿದ್ದ ಒಂದು ಚಾರ್ಜರ್. ಅಕ್ಕಪಕ್ಕದ ಮನೆಯಿಂದ ಬರುವ ಗದ್ದಲವನ್ನು ನಾವು ನಿಲ್ಲಿಸುವುದಕ್ಕೆ ಆಗುವುದಿಲ್ಲ. ಅದಕ್ಕೆ ಬಾಲ್ಕನಿ, ತಾರಸಿ, ಅಂಗಳ, ಅಥವಾ ಕೊನೆಪಕ್ಷ ಕಿಟಕಿಯ ಹತ್ತಿರ ಹೋಗಿ. ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆ ಹೊರಗಿನ ಸಿಗ್ನಲನ್ನು ತಡೆಯುತ್ತದೆ, ಒಳಗಿನ ಗದ್ದಲವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಬಯಲಿಗೆ ಹೋದಾಗ ಇದೇ ರೇಡಿಯೋ ಬೇರೆ ರೇಡಿಯೋ ಥರ ಕೇಳಿಸುತ್ತದೆ.

ಇನ್ನು ಹೊತ್ತಿನ ವಿಷಯ.

ಎಫ್‌ಎಂ ತರಂಗ ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತದೆ. ಶಾರ್ಟ್‌ವೇವ್ ಆಕಾಶಕ್ಕೆ ಹೋಗಿ, ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತದೆ. ಅದನ್ನು ಬಾಗಿಸುವುದು ಅಯಾನುಗೋಳ, ಅಂದರೆ ಬಿಸಿಲಿನಿಂದ ವಿದ್ಯುತ್ ಕಣಗಳು ತುಂಬಿಕೊಂಡ ಮೇಲಿನ ಗಾಳಿಯ ಪದರಗಳು. ನೆಲದಿಂದ ಸುಮಾರು 250ರಿಂದ 400 ಕಿಲೋಮೀಟರ್ ಮೇಲಿರುವ ಎಫ್ ಪದರದಲ್ಲಿ ಬಾಗಿದ ತರಂಗ ಒಂದೇ ಜಿಗಿತಕ್ಕೆ 3000-4000 ಕಿಲೋಮೀಟರ್ ದಾಟಬಲ್ಲದು. ಆಮೇಲೆ ನೆಲಕ್ಕೆ ಬಡಿದು ಇನ್ನೊಂದು ಜಿಗಿತ. ಹತ್ತಿರದ ಸ್ಟೇಷನ್ ಕೇಳದೆ ದೂರದ್ದು ಗಟ್ಟಿಯಾಗಿ ಕೇಳುವುದೂ ಇದರಿಂದಲೇ. ಹತ್ತಿರದ್ದು ನಿಮ್ಮ ತಲೆಯ ಮೇಲಿಂದ ಹಾರಿಹೋಗಿರುತ್ತದೆ.

ಹಗಲಲ್ಲಿ ಇದಕ್ಕೊಂದು ಅಡ್ಡಿ. ಬಿಸಿಲು ಬಿದ್ದಾಗ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಡಿ ಅನ್ನೋ ಇನ್ನೊಂದು ಪದರ ಹುಟ್ಟುತ್ತದೆ. ಅದು ತರಂಗವನ್ನು ಬಾಗಿಸುವುದಿಲ್ಲ, ನುಂಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯನ್ನು (ರೇಡಿಯೋದಲ್ಲಿ ಕಾಣುವ ಕಿಲೋಹರ್ಟ್ಸ್ ನಂಬರು) ಜಾಸ್ತಿ ನುಂಗುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಡಿ ಪದರ ಹೆಚ್ಚುಕಮ್ಮಿ ಕರಗಿಹೋಗುತ್ತದೆ, ದಾರಿ ತೆರೆದುಕೊಳ್ಳುತ್ತದೆ. ರಾತ್ರಿ ಮುಂದುವರಿದಂತೆ ಮೇಲಿನ ಎಫ್ ಪದರವೂ ತೆಳುವಾಗುತ್ತದೆ. ಆಗ ಜಾಸ್ತಿ ಫ್ರೀಕ್ವೆನ್ಸಿಯ ತರಂಗಗಳು ಬಾಗದೆ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತವೆ. ಹಗಲಿಗೆ ಮೇಲಿನ ನಂಬರು, ರಾತ್ರಿಗೆ ಕೆಳಗಿನ ನಂಬರು ಅಂತ ಹಳೆಯ ಕೇಳುಗರು ಹೇಳುವುದು ಇದಕ್ಕೇ.

ಶಾರ್ಟ್‌ವೇವ್ ಅಂದರೆ 3ರಿಂದ 30 ಮೆಗಾಹರ್ಟ್ಸ್, ಅದೇ 3000ದಿಂದ 30000 ಕಿಲೋಹರ್ಟ್ಸ್. ಅಷ್ಟೂ ಜಾಗದಲ್ಲಿ ಸ್ಟೇಷನ್ ಇರುವುದಿಲ್ಲ. ಗುಂಪು ಗುಂಪಾಗಿ ಇರುತ್ತವೆ. ಆ ಗುಂಪಿಗೆ ಮೀಟರ್ ಬ್ಯಾಂಡ್ ಅನ್ನುತ್ತಾರೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ, ಹೆಸರು ಬಂದಿದ್ದು ಅಲ್ಲಿಂದ. ಕತ್ತಲಾದ ಮೇಲೆ 49 ಮೀಟರ್, ಅಂದರೆ 5900ರಿಂದ 6200 ಕಿಲೋಹರ್ಟ್ಸ್, ಮತ್ತು 41 ಮೀಟರ್, ಅಂದರೆ 7200ರಿಂದ 7450. ಸಂಜೆ ಮತ್ತು ಬೆಳಗಿನ ಜಾವಕ್ಕೆ 31 ಮೀಟರ್, 9400ರಿಂದ 9900. 25 ಮೀಟರ್ ಬ್ಯಾಂಡು 11600ರಿಂದ 12100, ಅದೂ ಸಂಜೆಗೆ ಒಳ್ಳೆಯದು. ಹಗಲಿಗೆ 19 ಮೀಟರ್, 15100ರಿಂದ 15800, ಮತ್ತು 16 ಮೀಟರ್, 17480ರಿಂದ 17900. ಒಂದೇ ಒಂದು ಬ್ಯಾಂಡ್ ನೆನಪಿಟ್ಟುಕೊಳ್ಳುವುದಾದರೆ 31 ಮೀಟರ್ ಇಟ್ಟುಕೊಳ್ಳಿ. ನಾನು ಇವತ್ತಿಗೂ ಸಂಜೆ ರೇಡಿಯೋ ಹಚ್ಚಿದರೆ ಮೊದಲು ಹೋಗುವುದು ಅಲ್ಲಿಗೆ.

ಯಾವ ಬ್ಯಾಂಡ್ ಈಗ ತೆರೆದಿದೆ ಅಂತ ತಿಳಿಯಲು ನನಗೆ ತುಂಬಾ ಇಷ್ಟವಾದ ಒಂದು ದಾರಿ ಇದೆ. ಸರಿಯಾಗಿ 5000, 10000, 15000 ಕಿಲೋಹರ್ಟ್ಸ್‌ಗಳಲ್ಲಿ ಸಮಯ ಹೇಳುವ ಸ್ಟೇಷನ್‌ಗಳಿವೆ. ಅಮೆರಿಕದ ಕೊಲೊರಾಡೋದಿಂದ ಡಬ್ಲ್ಯೂಡಬ್ಲ್ಯೂವಿ, ಹವಾಯಿಯಿಂದ ಡಬ್ಲ್ಯೂಡಬ್ಲ್ಯೂವಿಎಚ್, ಚೀನಾದಿಂದ ಬಿಪಿಎಂ. ಟಿಕ್ ಟಿಕ್ ಅಂತ ಪ್ರತಿ ಸೆಕೆಂಡಿಗೂ ಒಂದು ಬಡಿತ. ಕೊಲೊರಾಡೋದಲ್ಲಿ ಗಂಡಸಿನ ದನಿ, ಹವಾಯಿಯಲ್ಲಿ ಹೆಂಗಸಿನ ದನಿ ನಿಮಿಷಕ್ಕೊಮ್ಮೆ ಸಮಯ ಹೇಳುತ್ತದೆ. ಮೂರೂ ಕಡೆ ಒಂದು ಸುತ್ತು ಹಾಕಿ. 15000ದಲ್ಲಿ ಟಿಕ್ ಟಿಕ್ ಕೇಳಿ 5000ದಲ್ಲಿ ಕೇಳದಿದ್ದರೆ ಮೇಲಿನ ಬ್ಯಾಂಡುಗಳಲ್ಲಿ ಹುಡುಕಿ. ಉಲ್ಟಾ ಆದರೆ ಕೆಳಗೆ.

ಈಗ ಟ್ಯೂನ್ ಮಾಡುವುದು. ಎಫ್‌ಎಂ ಥರ ಆಟೋ ಸ್ಕ್ಯಾನ್ ಒತ್ತಿ ಬಿಟ್ಟರೆ ಅದು ಅರ್ಧ ಸ್ಟೇಷನ್‌ಗಳನ್ನು ದಾಟಿ ಹೋಗುತ್ತದೆ, ಗದ್ದಲದ ಮೇಲೆ ನಿಲ್ಲುತ್ತದೆ. ಕೈಯಿಂದಲೇ ತಿರುಗಿಸಿ. ಪ್ರಸಾರ ಕೇಂದ್ರಗಳು ಸಾಮಾನ್ಯವಾಗಿ 5 ಕಿಲೋಹರ್ಟ್ಸ್ ಅಂತರದಲ್ಲಿ ಇರುತ್ತವೆ, ನಂಬರಿನ ಕೊನೆಯಲ್ಲಿ 0 ಅಥವಾ 5. ಹಾಗಾಗಿ 5ರ ಹೆಜ್ಜೆಯಲ್ಲಿ ಹೋಗಿ. ಪ್ರತಿ ಹೆಜ್ಜೆಗೂ ಎರಡು ಮೂರು ಸೆಕೆಂಡ್ ನಿಲ್ಲಿ. ಏನೋ ದನಿ ಇದೆ ಅನ್ನಿಸಿದರೆ ಅಲ್ಲೇ ಅರ್ಧ ನಿಮಿಷ ಕಾಯಿರಿ. ಈ ಸಿಗ್ನಲ್ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಒಂದೇ ಸ್ಟೇಷನ್ನಿನ ತರಂಗ ಬೇರೆ ಬೇರೆ ದಾರಿಯಲ್ಲಿ ಬಂದು ಒಂದಕ್ಕೊಂದು ಕೂಡುತ್ತದೆ, ಕಳೆಯುತ್ತದೆ, ಅದಕ್ಕೆ ಹೀಗೆ. ಇಳಿದಾಗ ಬಿಟ್ಟು ಹೋಗಬೇಡಿ, ಮತ್ತೆ ಏರುತ್ತದೆ. ಪಕ್ಕದ ಸ್ಟೇಷನ್ ಒಳಗೆ ನುಗ್ಗುತ್ತಿದ್ದರೆ, ನಿಮ್ಮ ರೇಡಿಯೋದಲ್ಲಿ ಬ್ಯಾಂಡ್‌ವಿಡ್ತ್ ಬಟನ್ (ಎಷ್ಟು ಅಗಲದ ಸಿಗ್ನಲ್ ಒಳಗೆ ಬಿಡಬೇಕು ಅಂತ ಆರಿಸುವುದು) ಇದ್ದಲ್ಲಿ 3 ಅಥವಾ 4 ಕಿಲೋಹರ್ಟ್ಸ್‌ಗೆ ಇಳಿಸಿ. ದನಿ ಸ್ವಲ್ಪ ಮಂಕಾಗುತ್ತದೆ, ಮಾತು ಮಾತ್ರ ಸ್ಪಷ್ಟವಾಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ. ಚಿಕ್ಕ ರೇಡಿಯೋದ ಸ್ಪೀಕರ್ ಬಚ್ಚಿಡುವ ಎಷ್ಟೋ ದನಿ ಇಯರ್‌ಫೋನಿನಲ್ಲಿ ಸಿಗುತ್ತದೆ.

ಡಿಜಿಟಲ್ ಪರದೆ ಇಲ್ಲದ ಮುಳ್ಳಿನ ರೇಡಿಯೋ ಆಗಿದ್ದರೆ ಇನ್ನೊಂದು ಮಾತು. ಅಗ್ಗದ ಮುಳ್ಳಿನ ಸೆಟ್‌ಗಳಲ್ಲಿ ಗಟ್ಟಿ ಸ್ಟೇಷನ್ ಒಂದು ತನ್ನ ಜಾಗದಲ್ಲೂ, ಅಲ್ಲಿಂದ 910 ಕಿಲೋಹರ್ಟ್ಸ್ ದೂರದಲ್ಲೂ ಕೇಳಿಸಬಹುದು. ಅದು ನೆರಳು. ಒಳಗಿನ 455 ಕಿಲೋಹರ್ಟ್ಸ್ ಸರ್ಕ್ಯೂಟಿನ ಗುಣ ಅದು (455ರ ಎರಡರಷ್ಟೇ 910), ದೋಷ ಅಂದುಕೊಳ್ಳಬೇಡಿ.

ಆಂಟೆನಾ ಕಡ್ಡಿಯನ್ನು ಪೂರ್ತಿ ಎಳೆಯಿರಿ. ಮೀಡಿಯಂವೇವ್‌ಗೆ ರೇಡಿಯೋ ಒಳಗಿನ ಫೆರೈಟ್ ಕಡ್ಡಿ ಕೆಲಸ ಮಾಡುತ್ತದೆ, ಅದಕ್ಕೇ ಅಲ್ಲಿ ರೇಡಿಯೋ ತಿರುಗಿಸಿದರೆ ಫರಕು ಕಾಣುತ್ತದೆ. ಶಾರ್ಟ್‌ವೇವ್‌ಗೆ ಈ ಹೊರಗಿನ ಕಡ್ಡಿಯೇ ಎಲ್ಲ. ಇನ್ನೂ ಬೇಕು ಅನ್ನಿಸಿದರೆ ಐದಾರು ಮೀಟರ್ ತೆಳು ವೈರ್ ತೆಗೆದುಕೊಳ್ಳಿ. ಒಂದು ತುದಿಯ ಸಿಪ್ಪೆ ಸ್ವಲ್ಪ ಸುಲಿದು ಕ್ಲಿಪ್ಪಿನಿಂದ ಕಡ್ಡಿಗೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಕಿಟಕಿಯ ಹೊರಗೆ, ಮನೆಯ ಕರೆಂಟ್ ವೈರಿನಿಂದ ದೂರ ಕಟ್ಟಿ. ವಿದ್ಯುತ್ ತಂತಿಯ ಹತ್ತಿರ ಮಾತ್ರ ಬೇಡವೇ ಬೇಡ. ಅದಕ್ಕಿಂತ ಉದ್ದ ಮಾಡುವ ಆಸೆ ಬಿಡಿ. ಚಿಕ್ಕ ರೇಡಿಯೋ ಅಷ್ಟು ಸಿಗ್ನಲ್ ತಡೆಯಲಾರದೆ ಎಲ್ಲ ಕಡೆ ಎಲ್ಲ ಸ್ಟೇಷನ್ ಕಲಸಿ ಕೊಡುತ್ತದೆ. ಹಾಗಾದರೆ ರೇಡಿಯೋದಲ್ಲಿರುವ ಡಿಎಕ್ಸ್-ಲೋಕಲ್ (ದೂರ-ಹತ್ತಿರ) ಸ್ವಿಚ್ಚನ್ನು ಲೋಕಲ್‌ಗೆ ತಳ್ಳಿ. ಗುಡುಗು ಸಿಡಿಲಿನ ಲಕ್ಷಣ ಕಂಡ ತಕ್ಷಣ ಆ ವೈರ್ ಬಿಚ್ಚಿ ಹೊರಗಿಡಿ. ಇದರಲ್ಲಿ ರಾಜಿ ಬೇಡ.

ಏನು ಸಿಗುತ್ತದೆ ಅಂತ ಕೇಳಿದಿರಿ. ನಿಜ ಹೇಳಬೇಕು ಅಂದರೆ ತುಂಬಾ ಹೋಗಿವೆ. ನೆದರ್ಲೆಂಡ್ಸ್‌ನ ರೇಡಿಯೋ 2012ರಲ್ಲಿ ಶಾರ್ಟ್‌ವೇವ್ ಬಿಟ್ಟಿತು. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ ಕೊನೆಯಲ್ಲಿ ನಿಲ್ಲಿಸಿತು. ಅವರ ದನಿ ಕೇಳಿ ಬೆಳೆದವರಿಗೆ ಅದು ಮನೆಯ ಒಂದು ದೀಪ ಆರಿದ ಹಾಗೆ. ಆದರೆ ಚೀನಾ, ರುಮೇನಿಯಾ, ಟರ್ಕಿ, ಸ್ಪೇನ್, ನ್ಯೂಜಿಲೆಂಡ್, ಕ್ಯೂಬಾ ಇವರೆಲ್ಲ ಇತ್ತೀಚಿನ ವರ್ಷಗಳಲ್ಲೂ ದೂರದ ಕೇಳುಗರಿಗೆ ಶಾರ್ಟ್‌ವೇವ್‌ನಲ್ಲಿ ಮಾತಾಡಿದ್ದಾರೆ. 1932ರಲ್ಲಿ ಶುರುವಾದ ಬಿಬಿಸಿಯ ಅಂತಾರಾಷ್ಟ್ರೀಯ ಪ್ರಸಾರ ತುಂಬಾ ಕಡಿಮೆಯಾಗಿದ್ದರೂ, 2022ರ ಮಾರ್ಚ್‌ನಲ್ಲಿ ಯುದ್ಧ ಶುರುವಾದ ಬೆನ್ನಲ್ಲೇ ಉಕ್ರೇನ್ ಕಡೆಗೆ ದಿನಕ್ಕೆ ನಾಲ್ಕು ಗಂಟೆ ಹೊಸದಾಗಿ ಶಾರ್ಟ್‌ವೇವ್ ಹಚ್ಚಿತು. ನೆಟ್ ಕಡಿದರೂ, ಟವರ್ ಬಿದ್ದರೂ, ಮಧ್ಯೆ ಯಾರ ಅಪ್ಪಣೆಯೂ ಬೇಡದೆ ಒಂದು ದನಿ ಗಡಿ ದಾಟಿ ಬರುತ್ತದೆ ಅಲ್ವಾ, ನನಗೆ ಈ ರೇಡಿಯೋ ಮೇಲಿರುವ ಪ್ರೀತಿಗೆ ಅದೇ ಕಾರಣ.

ವೇಳಾಪಟ್ಟಿ ನೋಡುವಾಗ ಎರಡು ವಿಷಯ ಗಮನದಲ್ಲಿರಲಿ. ಸಮಯವೆಲ್ಲ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ, ಇರುತ್ತದೆ, ನಿಮ್ಮ ಗಡಿಯಾರಕ್ಕೆ ಲೆಕ್ಕ ಹಾಕಿಕೊಳ್ಳಬೇಕು. ಮತ್ತೆ ಫ್ರೀಕ್ವೆನ್ಸಿಗಳು ವರ್ಷಕ್ಕೆ ಎರಡು ಸಲ ಬದಲಾಗುತ್ತವೆ: ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. ನಿನ್ನೆವರೆಗೂ ಬರುತ್ತಿದ್ದ ಸ್ಟೇಷನ್ ಆ ದಿನ ಮಾಯವಾದರೆ ಗಾಬರಿ ಬೇಡ, ಬೇರೆ ನಂಬರಿಗೆ ಹೋಗಿರುತ್ತದೆ. ಹಗಲಲ್ಲಿ ಇದ್ದಕ್ಕಿದ್ದಂತೆ ಎಲ್ಲ ಸ್ಟೇಷನ್ನೂ ಒಟ್ಟಿಗೆ ಮಾಯವಾದರೆ ಅದು ಸೂರ್ಯನ ಮೇಲಿನ ಸ್ಫೋಟದ ಪರಿಣಾಮ ಇರಬಹುದು. ಸ್ವಲ್ಪ ಹೊತ್ತಿಗೆ, ಕೆಲವೊಮ್ಮೆ ಒಂದೆರಡು ಗಂಟೆಗೆ ತಾನಾಗೇ ಸರಿಹೋಗುತ್ತದೆ.

ರೇಡಿಯೋ ಮೇಲೆ ಎಸ್‌ಎಸ್‌ಬಿ (ಸಿಗ್ನಲಿನ ಒಂದೇ ಪಕ್ಕವನ್ನು ಕಳಿಸುವ ರೀತಿ) ಅಂತ ಬಟನ್ ಇದೆಯಾ ನೋಡಿ. ಇದ್ದರೆ ರಾತ್ರಿ 7000ದಿಂದ 7200ರ ನಡುವೆ ನಿಧಾನವಾಗಿ ಹೋಗಿ. ಅಲ್ಲಿ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಮಾತಾಡುತ್ತಿರುತ್ತಾರೆ. ಸಾಮಾನ್ಯ ಮೋಡ್‌ನಲ್ಲಿ ಅದು ಬಾತುಕೋಳಿ ಗೊಣಗಿದ ಹಾಗೆ ಕೇಳುತ್ತದೆ. ಎಲ್‌ಎಸ್‌ಬಿಗೆ (ಕೆಳಗಿನ ಪಕ್ಕ) ಹಾಕಿ, ಸಣ್ಣ ಟ್ಯೂನಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಗೊಣಗಾಟ ದಪ್ಪಗಾಗುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ಒಂದು ಜಾಗದಲ್ಲಿ ತಟ್ಟನೆ ಮನುಷ್ಯನ ಮಾತಾಗುತ್ತದೆ. ಒಬ್ಬ ತನ್ನ ಊರಿನ ಹವೆ ಹೇಳುತ್ತಿರುತ್ತಾನೆ, ಇನ್ನೊಬ್ಬ ತನ್ನ ಆಂಟೆನಾ ಎತ್ತರ ಹೇಳುತ್ತಿರುತ್ತಾನೆ. 10 ಮೆಗಾಹರ್ಟ್ಸ್‌ಗಿಂತ ಮೇಲಾದರೆ, ಉದಾಹರಣೆಗೆ 14000ದ ಮೇಲೆ, ಯುಎಸ್‌ಬಿ (ಮೇಲಿನ ಪಕ್ಕ, ಚಾರ್ಜರಿನ ಯುಎಸ್‌ಬಿ ಅಲ್ಲ) ಇಟ್ಟುಕೊಳ್ಳಬೇಕು.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ದಿನಾಂಕ, ಸಮಯ, ಫ್ರೀಕ್ವೆನ್ಸಿ, ಕೇಳಿದ ಭಾಷೆ ಅಥವಾ ಸಂಗೀತ, ಇಷ್ಟು ಸಾಕು. ಒಂದು ತಿಂಗಳಲ್ಲಿ ನಿಮ್ಮದೇ ಜಾಗದ ವೇಳಾಪಟ್ಟಿ ತಯಾರಾಗುತ್ತದೆ. ಅದಕ್ಕಿಂತ ನಂಬಬಹುದಾದ ಪಟ್ಟಿ ಬೇರೆ ಸಿಗುವುದಿಲ್ಲ.

ನಾಳೆ ಸೂರ್ಯ ಮುಳುಗಿ ಅರ್ಧ ಗಂಟೆಗೆ, ಚಾರ್ಜರ್ ಇಲ್ಲದೆ, ಹೊರಗೆ ಹೋಗಿ 9400ರಿಂದ ಶುರು ಮಾಡಿ. ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮುಂಚೆ ಕೂತರೆ ಇನ್ನೂ ಒಳ್ಳೆಯದು. ಹೊಸ ಪ್ರಸಾರಗಳು ಜಾಸ್ತಿ ಆಗಲೇ ಶುರುವಾಗುತ್ತವೆ, ಸ್ಟೇಷನ್ ಹೆಸರೂ ಆಗಲೇ ಹೇಳುತ್ತಾರೆ. ಏನಾದರೂ ಸಿಕ್ಕಿ ಗುರುತು ಹತ್ತದಿದ್ದರೆ ಫ್ರೀಕ್ವೆನ್ಸಿ ಮತ್ತು ಸಮಯ ಇಲ್ಲಿ ಬರೆಯಿರಿ. ಯಾವ ಸ್ಟೇಷನ್ ಅಂತ ಸೇರಿ ಹುಡುಕೋಣ.